ಬೆಳಗಾಯಿತೆಂದು ಹೇಳಿದವರು ಯಾರು?

ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದ ಜನರಿಗೆ ಮುಂಜಾವದಲ್ಲಿ ಎರಡು ಬಾಂಗುಗಳು ಕೇಳಿಸುತ್ತಿದ್ದವು. ಮೊದಲನೆಯದು ಹಝ್ರತ್ ಬಿಲಾಲ್(ರ)ರದ್ದು. ಅದು ಇನ್ನೂ ಕತ್ತಲಿರುವಾಗಲೇ ಕೊಡುವ ಬಾಂಗ್. ಅದನ್ನು ಕೇಳಿ ಉಪವಾಸಿಗರು ತಿನ್ನುವುದನ್ನು ನಿಲ್ಲಿಸಬೇಕಾಗಿಲ್ಲವೆಂದೂ, ಎರಡನೆಯ ಬಾಂಗ್ ಕೇಳುವ ತನಕ ತಿನ್ನಬಹುದು, ಕುಡಿಯಬಹುದು ಎಂದೂ ಪ್ರವಾದಿವರ್ಯರು(ಸ) ತಿಳಿಸಿದ್ದರು. ಆ ಎರಡನೆಯ ಬಾಂಗ್ ಕೊಡುತ್ತಿದ್ದವರು ಹಝ್ರತ್ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ). ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಪೂರ್ವದಲ್ಲಿ ಬೆಳಕು ಮೂಡಿತೇ ಇಲ್ಲವೇ ಎಂಬುದು ಕಣ್ಣಿನಿಂದಲೇ ನೋಡಿ ತಿಳಿಯಬೇಕಾದ ಸಂಗತಿ. ಇಡೀ ಊರಿನ ಉಪವಾಸ, ಇಡೀ ಊರಿನ ಸುಬ್‌ಹ್ ನಮಾಝ್ ಅದರ ಮೇಲೆ ನಿಂತಿದೆ. ಆ ಹೊಣೆಯನ್ನು ಕಣ್ಣಿಲ್ಲದ ಓರ್ವ ವ್ಯಕ್ತಿಗೆ ವಹಿಸಲಾಗಿತ್ತು! ಇದು ಹೇಗೆ ಸಾಧ್ಯವಾಯಿತು? ಇಮಾಮ್ ಬುಖಾರಿಯವರ(ರ) ಸಂಗ್ರಹದಲ್ಲಿರುವ ವರದಿಯ ಕೊನೆಯಲ್ಲಿ ಇದಕ್ಕೆ ಉತ್ತರವಿದೆ. ಬೆಳಗಾಯಿತು, ಬೆಳಗಾಯಿತು ಎಂದು ಅವರಿಗೆ ಹೇಳಲಾಗುವ ತನಕ ಅವರು ಬಾಂಗ್ ಕೊಡುತ್ತಿರಲಿಲ್ಲವಂತೆ.

ಹಾಗಾದರೆ ಬೆಳಗಾಯಿತೆಂದು ಹೇಳಿದವರು ಯಾರು? ಆ ವರದಿಯಲ್ಲಿ ಹೆಸರಿಲ್ಲ. ಪ್ರತಿದಿನ ಯಾರೋ ಒಬ್ಬರು ಹಾಸಿಗೆ ಬಿಟ್ಟು ಎದ್ದು, ಆಕಾಶವನ್ನು ನೋಡಿ, ಅವರ ಬಳಿ ಬಂದು ಎರಡು ಮಾತು ಹೇಳಿ ಪಕ್ಕಕ್ಕೆ ಸರಿದು ನಿಂತರು. ಅವರು ತಾವೇ ಬಾಂಗ್ ಕೊಟ್ಟುಬಿಡಬಹುದಾಗಿತ್ತು. ಕೊಡಲಿಲ್ಲ. ಅದು ಇಬ್ನು ಉಮ್ಮಿ ಮಕ್ತೂಮರ(ರ) ಸ್ಥಾನವೆಂದು ಅವರಿಗೆ ತಿಳಿದಿತ್ತು.

ಹೆಸರಿಲ್ಲದ ಈ ಜನರ ಬಗ್ಗೆ ನಾನು ಯೋಚಿಸತೊಡಗಿದ್ದು ನಮ್ಮ ಮದ್ರಸದ ಓರ್ವ ಬಾಲಕನ ದೆಸೆಯಿಂದ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ಕೇಳಿ ಕೇಳಿಯೇ ಅನೇಕ ಅಧ್ಯಾಯಗಳನ್ನು ಕಂಠಪಾಠ ಮಾಡಿದ್ದ. ಓದುವಾಗ ಬೇರೆ ಮಕ್ಕಳು ಒಂದು ಅಕ್ಷರ ತಪ್ಪಿದರೂ ಮೂಲೆಯಿಂದ ತಿದ್ದುತ್ತಿದ್ದ. ಊರವರಿಗೆ ಅವನ ಮೇಲೆ ಬಹಳ ಪ್ರೀತಿ. ಹಬ್ಬಕ್ಕೆ ಬಟ್ಟೆ, ಶುಕ್ರವಾರ ಜೇಬಿಗೆ ಐದೋ ಹತ್ತೋ ರೂಪಾಯಿ. ತರಗತಿ ಬಿಟ್ಟೊಡನೆ ಉಳಿದ ಮಕ್ಕಳು ಹಿಂದಿನ ಗದ್ದೆಗೆ ಓಡಿದರೆ ಅವನು ಮಾತ್ರ ಮೆಟ್ಟಿಲ ಮೇಲೆ ಕುಳಿತು ಆಟದ ಗದ್ದಲವನ್ನು ಕೇಳುತ್ತಿದ್ದ. ಒಂದು ದಿನ ನನ್ನನ್ನು ಕೇಳಿಯೇಬಿಟ್ಟ: "ಉಸ್ತಾದ್, ನಾನೂ ಹೋಗಲಾ?"

"ಬೇಡ ಮಗನೇ, ನೀನು ಬಿದ್ದರೆ ನಿನ್ನ ಉಮ್ಮನಿಗೆ ನಾನು ಏನು ಹೇಳಲಿ?" ಎಂದೆ.

"ಬೀಳುವವರು ಅವರೂ ಬೀಳ್ತಾರಲ್ಲ ಉಸ್ತಾದ್?"

ನಾನು ಉತ್ತರ ಕೊಡಲಿಲ್ಲ. ಮುಖ ತಿರುಗಿಸಿ ಕಚೇರಿಯೊಳಗೆ ಹೋದೆ. ಕರುಣೆಯಿಂದಲೇ ಹಾಗೆ ಮಾಡಿದೆನೆಂದು ಆ ಹೊತ್ತಿಗೆ ನನ್ನ ನಂಬಿಕೆಯಾಗಿತ್ತು.

ಅದೇ ವಾರ ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ 'ಅಬಸ'ವನ್ನು ಪಾಠ ಮಾಡಬೇಕಾಗಿ ಬಂತು. ಅದರ ಹಿನ್ನೆಲೆ ನಿಮಗೆಲ್ಲ ತಿಳಿದಿದೆ. ಮಕ್ಕಾದ ಸಂಕಷ್ಟದ ದಿನಗಳವು. ಪ್ರವಾದಿವರ್ಯರು(ಸ) ಕುರೈಶರ ಮುಖಂಡರೊಂದಿಗೆ ಮಾತನಾಡುತ್ತಿದ್ದರು. ಅವರಲ್ಲಿ ಒಬ್ಬನಾದರೂ ಸತ್ಯವನ್ನು ಸ್ವೀಕರಿಸಿದರೆ ದುರ್ಬಲ ವಿಶ್ವಾಸಿಗಳ ಮೇಲಿನ ಹಿಂಸೆ ಕಡಿಮೆಯಾದೀತು ಎಂಬ ಆಶೆ. ಅಷ್ಟರಲ್ಲಿ ಇಬ್ನು ಉಮ್ಮಿ ಮಕ್ತೂಮರು(ರ) ಬಂದು ತನಗೆ ಕಲಿಸಿಕೊಡುವಂತೆ ಕೇಳಿದರು. ಮಾತಿನ ನಡುವೆ ಬಂದ ಆ ಅಡಚಣೆಯಿಂದ ಪ್ರವಾದಿವರ್ಯರ(ಸ) ಹುಬ್ಬು ಗಂಟಿಕ್ಕಿತು, ಮುಖ ಅತ್ತ ತಿರುಗಿತು. ಅಷ್ಟೇ. ಒಂದು ಕಠಿಣ ಮಾತನ್ನೂ ಆಡಿರಲಿಲ್ಲ. ಆದರೂ ಅಲ್ಲಾಹನು ಅದನ್ನು ಆಕ್ಷೇಪಿಸಿ ವಾಣಿಯನ್ನು ಅವತೀರ್ಣಗೊಳಿಸಿದನು.

ಈ ಘಟನೆಯನ್ನು ನಾನು ಅದೆಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಆದರೆ ಒಂದು ಸಂಗತಿ ಆ ದಿನವೇ ಮನಸ್ಸಿಗೆ ನಾಟಿತು. ಗಂಟಿಕ್ಕಿದ ಆ ಹುಬ್ಬು ಇಬ್ನು ಉಮ್ಮಿ ಮಕ್ತೂಮರಿಗೆ(ರ) ಕಾಣಿಸಿರಲೇ ಇಲ್ಲ! ಅವರಿಗೆ ನೋವಾಯಿತೆಂದು ಆ ವಾಣಿ ಬಂದುದಲ್ಲ. ಅವರು ನೋಡಲಾರದ ಮುಖಭಾವವನ್ನು ಅವರ ಪ್ರಭು ನೋಡಿದನು. ನನ್ನ ಮುಂದೆ ಆ ಬಾಲಕ ತಲೆ ತಗ್ಗಿಸಿ ಕುಳಿತು ಪಾಠ ಕೇಳುತ್ತಿದ್ದ. ನಾನು ಮುಖ ತಿರುಗಿಸಿದ್ದು ಅವನಿಗೂ ಕಂಡಿರಲಿಲ್ಲ.

ಸಹೋದರರೇ, ಇಬ್ನು ಉಮ್ಮಿ ಮಕ್ತೂಮರ(ರ) ಬದುಕಿನ ಉಳಿದ ಭಾಗವನ್ನು ನಾವು ಸಾಮಾನ್ಯವಾಗಿ ಹೇಳುವುದೇ ಇಲ್ಲ. 'ಅಬಸ'ದ ಘಟನೆಯನ್ನು ಹೇಳಿ ಅಂಧರಿಗೆ ದಯೆ ತೋರಿಸಿ ಎಂದು ಮುಗಿಸಿಬಿಡುತ್ತೇವೆ. ಆದರೆ ದಯೆಯನ್ನು ಪಡೆದು ಮೂಲೆಯಲ್ಲಿ ಕೂರುವ ಜಾಯಮಾನ ಅವರದ್ದಾಗಿರಲಿಲ್ಲ. ದೇವಮಾರ್ಗದಲ್ಲಿ ಹೋರಾಡುವವರೂ ಮನೆಯಲ್ಲಿ ಕೂರುವವರೂ ಸಮಾನರಲ್ಲವೆಂಬ ವಚನ ಅವತೀರ್ಣವಾದಾಗ ಅವರು ಬಂದು ತನ್ನ ಅಳಲನ್ನು ತೋಡಿಕೊಂಡರು. ಶಕ್ತಿಯಿದ್ದಿದ್ದರೆ ತಾನೂ ಹೋಗುತ್ತಿದ್ದೆನಲ್ಲ ಎಂದರು. ಆಗಲೇ ಅಸಮರ್ಥರಿಗೆ ವಿನಾಯಿತಿ ನೀಡುವ ಪದಗಳು ಅವತೀರ್ಣವಾಗಿ ಆ ಸೂಕ್ತಕ್ಕೆ ಸೇರಿದವು. 'ಅನ್ನಿಸಾ' ಅಧ್ಯಾಯದ 95ನೆಯ ಸೂಕ್ತವದು. ವಿನಾಯಿತಿ ಸಿಕ್ಕಿದ ಮೇಲಾದರೂ ಅವರು ಸುಮ್ಮನೆ ಕುಳಿತರೇ? ಖಲೀಫಾ ಉಮರ್(ರ)ರ ಕಾಲದಲ್ಲಿ ಖಾದಿಸಿಯ್ಯಾ ಯುದ್ಧದಲ್ಲಿ ಧ್ವಜ ಹಿಡಿದು ನಿಂತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಪ್ರವಾದಿವರ್ಯರು(ಸ) ಪ್ರಯಾಣ ಹೊರಟಾಗ ಅನೇಕ ಬಾರಿ ಮದೀನಾದಲ್ಲಿ ನಮಾಝಿನ ನೇತೃತ್ವವನ್ನು ಅವರಿಗೇ ವಹಿಸಿ ಹೋಗುತ್ತಿದ್ದರು.

ವಿನಾಯಿತಿಯನ್ನು ಕೊಟ್ಟವನು ಅಲ್ಲಾಹನು. ಅದನ್ನು ಬಳಸುವ, ಬಳಸದೇ ಇರುವ ಅಧಿಕಾರ ಕೊಡಲ್ಪಟ್ಟವನದ್ದು. ನಾವೋ ಅವರ ವಿನಾಯಿತಿಯನ್ನು ನಮ್ಮ ಕೈಗೆ ತೆಗೆದುಕೊಂಡು, ಅದನ್ನೇ ಬಾಗಿಲ ಚಿಲಕ ಮಾಡಿಬಿಟ್ಟಿದ್ದೇವೆ. "ಅವನಿಗೆ ಯಾಕೆ ಕಷ್ಟ?" ಎನ್ನುತ್ತೇವೆ. ಕಷ್ಟ ಅವನಿಗೋ, ಅವನ ಜೊತೆ ಹೋಗಬೇಕಾದ ನಮಗೋ?

ಆಟವೂ ಒಂದು ಧರ್ಮಕಾರ್ಯವೇ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ನಮಾಝಿನ ಹೊತ್ತನ್ನು ನುಂಗುವ, ಬಾಜಿ ಕಟ್ಟಿ ಆಡುವ ಆಟದ ಪರವಾಗಿ ನಾನು ಮಾತಾಡುತ್ತಿಲ್ಲ. ಆದರೆ ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಒಮ್ಮೆ ಅವರು ಗೆದ್ದರೆ ಮತ್ತೊಮ್ಮೆ ಇವರು ಗೆದ್ದರು. ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಡಿದಾಗ ಅದನ್ನು ನೋಡಲು ಪತ್ನಿಗೆ ಅವಕಾಶ ಮಾಡಿಕೊಟ್ಟಿದ್ದರು. ಬಲಿಷ್ಠ ಸತ್ಯವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಕಲಿಸಿದ್ದಾರೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದಿದ್ದಾರೆ. ಈ ಹಕ್ಕು ಕಣ್ಣಿರುವ ಶರೀರಕ್ಕೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ವಾಸ್ತವದಲ್ಲಿ ಕಣ್ಣು ಕಾಣದ ಮಗುವಿಗೆ ಓಟ, ಜಿಗಿತ, ಎಸೆತಗಳು ಇತರರಿಗಿಂತ ಹೆಚ್ಚು ಅಗತ್ಯ. ಮನೆಯೊಳಗೇ ಕುಳಿತು ಬೆಳೆದ ಮಗುವಿನ ಬೆನ್ನು ಬಾಗುತ್ತದೆ, ಕಾಲಿಗೆ ಸಮತೋಲನ ಬರುವುದಿಲ್ಲ, ಬಯಲಿನಲ್ಲಿ ನಿಂತರೆ ಹೆಜ್ಜೆಯೆತ್ತಲು ಹೆದರುತ್ತದೆ. ಸದ್ದು ಯಾವ ಕಡೆಯಿಂದ ಬಂತು, ಎಷ್ಟು ದೂರದಿಂದ ಬಂತು ಎಂದು ಅಳೆಯುವ ಕಿವಿಯನ್ನು ಆಟ ಪಳಗಿಸುತ್ತದೆ. ನಾಳೆ ಒಬ್ಬನೇ ರಸ್ತೆ ದಾಟಬೇಕಾದಾಗ ಅವನಿಗೆ ಬೇಕಾಗುವುದು ಅದೇ ಕಿವಿ.

ಕಣ್ಣಿಲ್ಲದೆ ಆಡುವುದು ಹೇಗೆ ಎಂದು ನಾನೂ ಕೇಳಿದವನೇ. ತಿಳಿದಾಗ ನಾಚಿಕೆಯಾಯಿತು. ಏಕೆಂದರೆ ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಇಬ್ಬರು ಅಂಧ ಕಾರ್ಖಾನೆ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲುಗಳನ್ನು ಹಾಕಿ, ಅದನ್ನೇ ಚೆಂಡು ಮಾಡಿ ಕ್ರಿಕೆಟ್ ಆಡಲಾರಂಭಿಸಿದರಂತೆ. ಇಂದು ಆ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಕಬ್ಬಿಣದ ಗುಂಡುಗಳು. ಉರುಳಿದರೆ ಗಲಗಲ ಸದ್ದು. ಬೌಲರ್ "ರೆಡಿ?" ಎಂದು ಕೇಳಬೇಕು, ಬ್ಯಾಟು ಹಿಡಿದವನು "ಎಸ್" ಎನ್ನಬೇಕು, "ಪ್ಲೇ" ಎಂದು ಕೂಗಿ ಚೆಂಡನ್ನು ಬಿಡಬೇಕು. ಅದು ಪಿಚ್ಚಿನ ಅರ್ಧ ದಾರಿಗೆ ಮೊದಲೇ ನೆಲ ಮುಟ್ಟಬೇಕು, ಇಲ್ಲವಾದರೆ ಸದ್ದು ಕೇಳುವುದಿಲ್ಲ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಪ್ರತಿ ಓಟಕ್ಕೆ ಎರಡರ ಲೆಕ್ಕ. ಅವರು ಒಂದು ಪುಟಿತದ ನಂತರ ಚೆಂಡನ್ನು ಹಿಡಿದರೂ ಅದು ಕ್ಯಾಚ್. ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆ ಎಂದು ತಿಳಿದವರು ಈ ನಿಯಮಗಳನ್ನು ಒಮ್ಮೆ ನೋಡಬೇಕು.

ಇನ್ನೊಂದು ವಿಷಯ. ಇಲ್ಲಿ ಚೆಂಡನ್ನು ಕೈಯೆತ್ತಿ ಎಸೆಯುವಂತಿಲ್ಲ, ಕೈ ಕೆಳಗಿನಿಂದ ಬಿಡಬೇಕು. ಅಂಡರ್ ಆರ್ಮ್! ನಮ್ಮ ಕರಾವಳಿಯ ಗದ್ದೆಗಳಲ್ಲಿ ದೀಪ ಹಾಕಿ ರಾತ್ರಿಯಿಡೀ ಅಂಡರ್ ಆರ್ಮ್ ಟೂರ್ನಮೆಂಟು ನಡೆಸುವ ಯುವಕರು ಎಷ್ಟಿಲ್ಲ? ಟ್ರೋಫಿಯ ಎತ್ತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಅಂಧ ಮಕ್ಕಳಿಗೆ ಬೇಕಾದ ವಿದ್ಯೆ ಅಲ್ಲಾಹನ ಅನುಗ್ರಹದಿಂದ ಇವರ ಕೈಯಲ್ಲಿ ಮೊದಲೇ ಇದೆ.

ಅಂಧರ ಕ್ರಿಕೆಟಿನ ಮೊದಲ ವಿಶ್ವಕಪ್ 1998ರಲ್ಲಿ ದಿಲ್ಲಿಯಲ್ಲಿ ನಡೆಯಿತು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ-ಟ್ವೆಂಟಿ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕನಾಗಿದ್ದವರು ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅಂಧ ಮಕ್ಕಳ ಶಾಲೆಯಲ್ಲಿ ಚೆಂಡು ಹಿಡಿಯಲು ಕಲಿತ ಹುಡುಗ 2017ರಲ್ಲಿ ಪದ್ಮಶ್ರೀ ಪಡೆದರು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ನಡೆದ ಅಂಧ ಮಹಿಳೆಯರ ಮೊದಲ ವಿಶ್ವಕಪ್ಪಿನ ಫೈನಲಿನಲ್ಲಿ ದೀಪಿಕಾ ಟಿ.ಸಿ. ನಾಯಕತ್ವದ ಭಾರತ ತಂಡ ನೇಪಾಳವನ್ನು ಸೋಲಿಸಿತು. ಅಂಧ ಹೆಣ್ಣು ಮಗುವೊಂದು ಮನೆಯಲ್ಲಿದ್ದರೆ ಅದರ ಇರುವಿಕೆಯನ್ನೇ ಬಂಧುಗಳಿಂದ ಮರೆಮಾಚುವ ತಾಯಂದಿರನ್ನು ನಾನು ಬಲ್ಲೆ. ಅವರನ್ನು ದೂರುತ್ತಿಲ್ಲ, ಊರಿನ ನಾಲಗೆ ಹಾಗಿದೆ. ಆದರೆ ಹೆಣ್ಣು ಮಕ್ಕಳಿಗೆ ಸಭ್ಯ ಉಡುಪಿನಲ್ಲಿ, ಸುರಕ್ಷಿತ ಜಾಗದಲ್ಲಿ, ಸ್ತ್ರೀಯರ ಮೇಲ್ವಿಚಾರಣೆಯಲ್ಲಿ ಓಡಲು ಏರ್ಪಾಡು ಮಾಡುವುದು ನಮ್ಮ ಸಹೋದರಿಯರಿಂದ ಆಗದ ಕೆಲಸವೇನಲ್ಲ.

ಕ್ರಿಕೆಟ್ ಮಾತ್ರವಲ್ಲ. ಗೋಲ್‌ಬಾಲ್ ಎಂಬ ಆಟವಿದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ್ದು. ಗೆಜ್ಜೆ ಕಟ್ಟಿದಂತಹ ಭಾರದ ಚೆಂಡು, ಪ್ರತಿ ತಂಡದಲ್ಲಿ ಮೂವರು. ಅಂಗಳದ ಗೆರೆಗಳ ಕೆಳಗೆ ದಾರ ಅಂಟಿಸಿರುತ್ತಾರೆ, ಆಟಗಾರ ಬೆರಳಿನಿಂದ ತನ್ನ ಸ್ಥಾನ ತಿಳಿಯುತ್ತಾನೆ. ಎಲ್ಲರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಬೇಕು, ಆದುದರಿಂದ ಸ್ವಲ್ಪ ಕಾಣುವವನಿಗೂ ಏನೂ ಕಾಣದವನಿಗೂ ಭೇದವಿಲ್ಲ. ಆಟ ನಡೆಯುವಾಗ ಪ್ರೇಕ್ಷಕರು ಉಸಿರು ಬಿಗಿಹಿಡಿದು ಸುಮ್ಮನಿರಬೇಕು.

ಆದರೆ ನನ್ನ ಮನಸ್ಸನ್ನು ಅತ್ಯಂತ ಹೆಚ್ಚು ತಟ್ಟಿದ್ದು ಓಟದ ಪಂದ್ಯದ ನಿಯಮ. ಪೂರ್ಣ ಅಂಧ ಓಟಗಾರನ ಪಕ್ಕದಲ್ಲಿ ಕಣ್ಣಿರುವ ಓರ್ವ ಜೊತೆಗಾರ ಓಡುತ್ತಾನೆ. ಇಬ್ಬರ ಕೈಗೂ ಒಂದು ಗಿಡ್ಡ ಹಗ್ಗ. ಜೊತೆಗಾರ ತಿರುವು ಬಂತು ಎನ್ನಬಹುದು, ಎಷ್ಟು ದೂರ ಉಳಿದಿದೆ ಎನ್ನಬಹುದು. ಎಳೆಯಬಾರದು, ತಳ್ಳಬಾರದು. ಗುರಿಯ ಗೆರೆಯನ್ನು ಓಟಗಾರನಿಗಿಂತ ಮೊದಲು ದಾಟಲೂಬಾರದು. ದಾಟಿದರೆ ಇಬ್ಬರೂ ಅನರ್ಹರು. ಎಷ್ಟೇ ವೇಗವಿದ್ದರೂ ಕೊನೆಯ ಹೆಜ್ಜೆಯಲ್ಲಿ ಅವನು ಹಿಂದೆ ಉಳಿಯಬೇಕು! ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರಲ್ಲಿ ಜಕಾರ್ತಾದಲ್ಲೂ 2023ರಲ್ಲಿ ಹಾಂಗ್‌ಝೌನಲ್ಲೂ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದದ್ದು ಹೀಗೆ ಓಡಿಯೇ. ಇದನ್ನು ಓದಿದಾಗ ಮದೀನಾದ ಆ ಹೆಸರಿಲ್ಲದ ವ್ಯಕ್ತಿ ನೆನಪಾದರು. ಬೆಳಗಾಯಿತೆಂದು ಹೇಳಿ ಒಂದು ಹೆಜ್ಜೆ ಹಿಂದೆ ಸರಿದವರು.

ಜೊತೆಗಾರಿಕೆ ಒಂದೇ ದಿಕ್ಕಿನದ್ದಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನ ಮ್ಯಾರಥಾನಿನಲ್ಲಿ ದೃಷ್ಟಿ ಬಹಳ ಕಡಿಮೆಯಿರುವ ಸ್ಪೇನಿನ ಎಲೆನಾ ಕಾಂಗೋಸ್ಟ್ ಮೂರನೆಯವಳಾಗಿ ಗುರಿಯ ಸಮೀಪ ಬಂದಿದ್ದಳು. ಕೆಲವೇ ಮೀಟರ್ ಉಳಿದಿರುವಾಗ ಅವಳ ಜೊತೆಗಾರ ಸ್ನಾಯು ಹಿಡಿದು ಬೀಳುವಂತಾದ. ಅವಳು ಒಂದು ಕ್ಷಣ ಹಗ್ಗ ಬಿಟ್ಟು ಅವನನ್ನು ಆಧರಿಸಿದಳು. ಹಗ್ಗ ಬಿಟ್ಟ ಕಾರಣಕ್ಕೆ ಆ ದಿನ ಅವಳನ್ನು ಅನರ್ಹಗೊಳಿಸಲಾಯಿತು. ನೀವು ಸಹಾಯ ಮಾಡಲೆಂದು ಹೋದ ಮಗು ನಿಮ್ಮನ್ನೂ ಆಧರಿಸೀತು.

ದಾರಿ ಕಾಣದವನಿಗೆ ದಾರಿ ತೋರಿಸುವುದು ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿರುವುದು ತಿರ್ಮಿದಿಯ ವರದಿಯಲ್ಲಿದೆ. ಆದರೆ ನಮ್ಮ ಸದಕಾ ಹೆಚ್ಚಾಗಿ ಜೇಬಿನಿಂದ ಹೊರಡುತ್ತದೆ, ಗಡಿಯಾರದಿಂದ ಹೊರಡುವುದಿಲ್ಲ. ವರ್ಷಕ್ಕೊಮ್ಮೆ ಅಂಧ ಮಕ್ಕಳ ಶಾಲೆಗೆ ಬಿರಿಯಾನಿ ಕೊಂಡುಹೋಗಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಬರುತ್ತೇವೆ. ಆ ಫೋಟೋವನ್ನು ಆ ಮಕ್ಕಳು ನೋಡುವುದೂ ಇಲ್ಲ. ಅಂತಹ ಶಾಲೆಗಳಿಗೆ ಬೇಕಾಗಿರುವುದು ವಾರಕ್ಕೆ ಎರಡು ಗಂಟೆ, ತಪ್ಪದೆ. ಚೆಂಡು ಹೆಕ್ಕಿಕೊಡಲು ಒಬ್ಬ, ಗೋಲಿನ ಹಿಂದೆ ನಿಂತು ಎಡ-ಬಲ ಎಂದು ಕೂಗಲು ಒಬ್ಬ, ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರಲು ಇಬ್ಬರು. ಆ ಮಕ್ಕಳು ಯಾವ ಸಮುದಾಯದವರೆಂದು ಕೇಳುವ ಅಗತ್ಯವಿಲ್ಲ. ಬೆಂಗಳೂರಿನ ಸಮರ್ಥನಂ ಸಂಸ್ಥೆಯನ್ನು 1997ರಲ್ಲಿ ಕಟ್ಟಿದವರು ಸ್ವತಃ ದೃಷ್ಟಿಹೀನರಾದ ಗೆಳೆಯರು. ಅವರು ನಮಗಾಗಿ ಕಾಯಲಿಲ್ಲ. ಆದರೂ ಕೈಜೋಡಿಸುವವರಿಗೆ ಕೆಲಸ ಬೇಕಾದಷ್ಟಿದೆ.

ಹಣ ಹೆಚ್ಚು ಬೇಡ. ಸದ್ದಿನ ಚೆಂಡು ಸಿಗದಿದ್ದರೆ ಸಾಮಾನ್ಯ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದರೂ ಸರಸರ ಕೇಳುತ್ತದೆ. ಎರಡು ಕಂಬಗಳ ನಡುವೆ ಸೊಂಟದ ಎತ್ತರಕ್ಕೆ ಹಗ್ಗ ಬಿಗಿದರೆ ಮಗು ಅದನ್ನು ಹಿಡಿದು ಒಬ್ಬನೇ ಓಡಬಲ್ಲ, ಕೊನೆಗೆ ಒಂದು ಗಂಟು ಹಾಕಿ, ನಿಲ್ಲಬೇಕೆಂದು ತಿಳಿಯುತ್ತದೆ. ಮೊದಲ ದಿನ ಆಟ ಬೇಡ, ಮೈದಾನದ ಸುತ್ತ ನಡೆಸಿ, ವಿಕೆಟನ್ನು ಮುಟ್ಟಿಸಿ, ಬೇಲಿ ಎಲ್ಲಿದೆ ಎಂದು ತೋರಿಸಿ. ಮಗುವಿನ ಕೈಯನ್ನು ಹಿಡಿದೆಳೆಯಬೇಡಿ. ನಿಮ್ಮ ಮೊಣಕೈಯನ್ನು ಅದು ಹಿಡಿಯಲಿ, ಒಂದು ಹೆಜ್ಜೆ ಹಿಂದೆ ನಡೆಯಲಿ. ಮಾತಾಡುವ ಮೊದಲು ಅದರ ಹೆಸರು ಕರೆಯಿರಿ, ಇಲ್ಲವಾದರೆ ಯಾರೊಂದಿಗೆ ಹೇಳುತ್ತಿದ್ದೀರೆಂದು ತಿಳಿಯದು. "ಅಲ್ಲಿದೆ ನೋಡು" ಎಂದರೆ ಪ್ರಯೋಜನವಿಲ್ಲ. "ನಿನ್ನ ಬಲಕ್ಕೆ ಮೂರು ಹೆಜ್ಜೆ" ಎನ್ನಿ. ಮುಂದಿನ ವಾರ ಬರುತ್ತೇನೆಂದು ಹೇಳಿದರೆ ಬರಲೇಬೇಕು. ಕಣ್ಣಿರುವ ಮಗು ನೀವು ಬರಲಿಲ್ಲವೆಂದು ಕಂಡು ಬೇರೆ ಆಟಕ್ಕೆ ಹೋಗುತ್ತದೆ. ಕಣ್ಣಿಲ್ಲದ ಮಗು ನಿಮ್ಮ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ಸಂಜೆಯ ತನಕ ಕಾಯುತ್ತದೆ.

ನಮ್ಮ ಆ ಬಾಲಕನ ತಾಯಿಯ ಒಪ್ಪಿಗೆ ಪಡೆಯಲು ನಾನು ಮೂರು ಸಲ ಅವರ ಮನೆಗೆ ಹೋಗಬೇಕಾಯಿತು. ಬಾಗಿಲ ಮರೆಯಿಂದ ಅವರು ಹೇಳಿದ್ದು ಒಂದೇ ಮಾತು: "ಉಸ್ತಾದರೇ, ಬೇಡವೆಂದು ನೀವೇ ಹೇಳಿದ್ದಂತೆ." ನಾನು ತಪ್ಪು ಒಪ್ಪಿಕೊಂಡೆ. ಮೂರನೆಯ ಸಲ ಅವರು ಒಪ್ಪಿದರು.

ಮೊದಲ ಆದಿತ್ಯವಾರ ಎಲ್ಲವೂ ಕೆಟ್ಟಿತು. ಯುವಕರು ಹುರುಪಿನಿಂದ ಹತ್ತು ಕಡೆಯಿಂದ ಕೂಗಿದರು, ಅವನಿಗೆ ಏನೂ ತಿಳಿಯಲಿಲ್ಲ. ಬಿದ್ದ, ಮೊಣಕಾಲು ತರಚಿತು. ಅವನ ಉಮ್ಮ ಅದನ್ನು ತೊಳೆದು, ಅರಿಶಿನ ಹಚ್ಚಿ, ಮರುವಾರ ಅವರೇ ಕಳುಹಿಸಿಕೊಟ್ಟರು. ನಾಲ್ಕೈದು ವಾರಗಳಲ್ಲಿ ಹುಡುಗರು ಸುಮ್ಮನಿರಲು ಕಲಿತರು. ಅವರಿಗೆ ಚೆಂಡು ಉರುಳಿಸುವುದಕ್ಕಿಂತ ಕಷ್ಟವಾದದ್ದು ಅದೇ.

ಕಳೆದ ತಿಂಗಳು ಅಸರ್ ನಮಾಝಿನ ಬಳಿಕ ನಾನೂ ಗದ್ದೆಯ ಬದುವಿನಲ್ಲಿ ನಿಂತಿದ್ದೆ. ಅವನ ಕೈಯಲ್ಲಿ ಬ್ಯಾಟು. ಹುಡುಗನೊಬ್ಬ ಚೆಂಡು ಬಿಡಲು ಬಗ್ಗಿದ್ದ. ನಾನು ಪಕ್ಕದವರಿಗೆ ಇದೇ ಇಬ್ನು ಉಮ್ಮಿ ಮಕ್ತೂಮರ(ರ) ವಿಷಯವನ್ನು ವಿವರಿಸುತ್ತಿದ್ದೆ. ಸ್ವಲ್ಪ ದೊಡ್ಡ ದನಿಯಲ್ಲಿ ಇರಬೇಕು, ಅಭ್ಯಾಸ ಹಾಗೆ. ಅವನು ಬ್ಯಾಟನ್ನು ಇಳಿಸಿ ನನ್ನ ಕಡೆಗೆ ಮುಖ ತಿರುಗಿಸಿದ.

"ಉಸ್ತಾದ್, ಸ್ವಲ್ಪ ಸುಮ್ಮನಿರ್ತೀರಾ? ಚೆಂಡು ಕೇಳುವುದಿಲ್ಲ."

ನಾನು ಬಾಯಿ ಮುಚ್ಚಿ ನಿಂತೆ.